ಮುದುಕರ ಗೇರು

ಬೆಳಗಿನ ಕಾಫಿ ಮುಗಿಸಿ ನೀವು ಸೊಪ್ಪು ಬಿಡಿಸಲು ಕೂರುವ ಹೊತ್ತಿಗೆ ನಾನು ಸೈಕಲ್ಲಿನ ಟೈರಿಗೆ ಗಾಳಿ ಹೊಡೆಯುತ್ತಿರುತ್ತೇನೆ ಎಂದರೆ ನಗುತ್ತೀರೇನೋ. ನಗಿ, ಪರವಾಗಿಲ್ಲ. ನನಗೀಗ 61. ಸೈಕಲ್ ಕಲಿತದ್ದು ಲಂಗ ಉಡುವ ವಯಸ್ಸಿನಲ್ಲಿ. ಮತ್ತೆ ಹತ್ತಿದ್ದು ಮಗಳ ಮದುವೆ ಮುಗಿದ ಮೇಲೆ, ಚೂಡಿದಾರ ಹಾಕಿಕೊಂಡು. ಹತ್ತಿಸಿದವರು ನಮ್ಮವರು.

ನಮ್ಮವರ ಊರು ವಿಜಯಪುರದ ಕಡೆ. ನಮ್ಮ ರಾಜ್ಯದಲ್ಲಿ ಸೈಕಲ್ ಪಂದ್ಯವೆಂದರೆ ವಿಜಯಪುರ, ಬಾಗಲಕೋಟೆ ಸೀಮೆಯ ಹುಡುಗರ ಹೆಸರೇ ಮೊದಲು ಬರುವುದು. ಇವರೂ ವಯಸ್ಸಿನಲ್ಲಿ ಪಂದ್ಯ ಹೊಡೆದವರೇ. ಆದರೆ ಅದು ಬಯಲು ಸೀಮೆ. ನಾವು ನೆಲೆಸಿದ್ದು ಮೈಸೂರಿನಲ್ಲಿ, ಇಲ್ಲಿ ಕತ್ತೆತ್ತಿದರೆ ಚಾಮುಂಡಿ ಬೆಟ್ಟ. ಭಾನುವಾರ ಬೆಳಗ್ಗೆ ಇಬ್ಬರೂ ಬೆಟ್ಟ ಹತ್ತಿ, ತಾಯಿಗೆ ಕೈಮುಗಿದು, ತಿಂಡಿ ಹೊತ್ತಿಗೆ ಮನೆ ಸೇರುವುದು ಎಷ್ಟೋ ವರ್ಷದ ರೂಢಿ.

ಹೋದ ವರ್ಷ ಅವರ ಬಲಮಂಡಿ ಊದಿಕೊಂಡಿತು. ಆದರೂ ಬಿಡಲಿಲ್ಲ. ಒಂದು ಭಾನುವಾರ ಏರಿನ ನಡುವೆ ಇಳಿದು ಸೈಕಲ್ ತಳ್ಳತೊಡಗಿದರು. ಪಕ್ಕದಲ್ಲಿ ಹೋಗುತ್ತಿದ್ದ ಕಾಲೇಜು ಹುಡುಗನೊಬ್ಬ, “ಅಂಕಲ್, ಹೆಲ್ಪ್ ಬೇಕಾ?” ಅಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ಆದರೆ ಆವತ್ತು ಮನೆಗೆ ಬಂದವರೇ ಸೈಕಲ್ಲಿಗೆ ಹಳೆಯ ಬೆಡ್‌ಶೀಟು ಹೊದಿಸಿ ಗೋಡೆಗೆ ಒರಗಿಸಿಬಿಟ್ಟರು.

“ಮಾರಿ ಬಿಡೂಣು,” ಅಂದರು. ಅಷ್ಟೇ.

ಅದಾದ ಮೇಲೆ ಸಂಜೆಯೆಲ್ಲ ಟಿವಿ ಮುಂದೆ. ಸಕ್ಕರೆ ಕಾಯಿಲೆ ಬೇರೆ ಇದೆ, ಮೂರು ತಿಂಗಳಲ್ಲಿ ಅದೂ ಏರಿತು. ಮಾತು ಕಡಿಮೆಯಾಯಿತು. ಗಂಡಸರು ಸುಮ್ಮನಾದರೆ ಮನೆ ಎಷ್ಟು ಭಾರವಾಗುತ್ತದೆಂದು ನಿಮಗೆ ನಾನು ಹೇಳಬೇಕೇ?

ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು, “ಸೈಕಲ್ ಬಿಡಬೇಡಿ. ಆದರೆ ಒತ್ತಿ ತುಳಿಯಬೇಡಿ, ಹಗುರವಾಗಿ ಬೇಗ ಬೇಗ ತುಳೀರಿ,” ಅಂದರು. ಏರಿನಲ್ಲಿ ಒತ್ತದೆ ತುಳಿಯುವುದು ಹೇಗೆ? ಅದೇ ನನ್ನ ತಲೆ ಕೊರೆಯತೊಡಗಿತು.

ನಮ್ಮಿಬ್ಬರ ಸೈಕಲ್ಲಿಗೂ ಒಂದೇ ಗೇರು, ಅವರೇ ಆರಿಸಿದ್ದು. ಮಧ್ಯಾಹ್ನ ಅವರು ಮಲಗಿದ್ದಾಗ ಸೀಮೆಸುಣ್ಣದಿಂದ ಒಂದು ಹಲ್ಲಿಗೆ ಗುರುತು ಹಾಕಿ ಎಣಿಸಿದೆ. ಪೆಡಲ್ ಹತ್ತಿರದ ಎರಡು ಚಕ್ರಗಳಲ್ಲಿ ಚಿಕ್ಕದಕ್ಕೆ 39 ಹಲ್ಲು, ಹಿಂದಿನವುಗಳಲ್ಲಿ ಎಲ್ಲಕ್ಕಿಂತ ದೊಡ್ಡದಕ್ಕೆ 25. ಏರಿಗೆ ಇರುವ ಅತಿ ಹಗುರ ಗೇರು ಇದೇ. 39ನ್ನು 25ರಿಂದ ಭಾಗಿಸಿದರೆ ಒಂದೂವರೆಗಿಂತ ತುಸು ಹೆಚ್ಚು. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಹಿಂದಿನ ಗಾಲಿ ಒಂದೂವರೆ ಸುತ್ತು ತಿರುಗುತ್ತದೆ. ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಗುಣಿಸಿದೆ: ಒಂದು ತುಳಿತಕ್ಕೆ ಸುಮಾರು 3.3 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿಯಬೇಕಾದರೆ ಗಂಟೆಗೆ ಹತ್ತಿರಹತ್ತಿರ 12 ಕಿಲೋಮೀಟರ್ ವೇಗದಲ್ಲಿ ಬೆಟ್ಟ ಹತ್ತಬೇಕು! ನಾವು ಹತ್ತುವುದು ಏಳರಲ್ಲಿ. ಅಂದಮೇಲೆ ಕಾಲು ತಿರುಗುವುದು ಮೂವತ್ತೈದೇ ಸುತ್ತು, ಪ್ರತಿ ಸುತ್ತಿಗೂ ಮಂಡಿ ಮೇಲೆ ಮಣಭಾರ.

ಮುಂದೆ 34, ಹಿಂದೆಯೂ 34 ಇದ್ದರೆ? ಒಂದು ತುಳಿತಕ್ಕೆ ಗಾಲಿ ಒಂದೇ ಸುತ್ತು. ಅದೇ 60 ಸುತ್ತಿಗೆ ಏಳೂವರೆ ಕಿಲೋಮೀಟರ್. ಬಾವಿಯಿಂದ ದೊಡ್ಡ ಕೊಡದಲ್ಲಿ ಒಂದೇ ಸಲಕ್ಕೆ ನೀರು ತರುವ ಬದಲು ಚಿಕ್ಕ ಬಿಂದಿಗೆಯಲ್ಲಿ ಎರಡು ಸಲ ತಂದ ಹಾಗೆ. ಹಂಡೆ ಅಷ್ಟೇ ತುಂಬುತ್ತದೆ, ಸೊಂಟ ಉಳಿಯುತ್ತದೆ.

ಈ ಲೆಕ್ಕ ತೋರಿಸಿದರೆ ನಮ್ಮವರು ಕಣ್ಣೆತ್ತಿಯೂ ನೋಡಲಿಲ್ಲ. “ಅದು ಮುದುಕರ ಗೇರ ಐತಿ. ನನಗ ಬ್ಯಾಡ.”

ಅವರೇ ಹಿಂದೊಮ್ಮೆ ಹೇಳಿದ್ದ ಕಥೆ ನೆನಪಾಯಿತು. ಫ್ರಾನ್ಸಿನಲ್ಲಿ 1903ರಲ್ಲಿ ಟೂರ್ ಡಿ ಫ್ರಾನ್ಸ್ ಪಂದ್ಯ ಶುರುಮಾಡಿದ ಆನ್ರಿ ದೆಗ್ರಾಂಜ್ ಎಂಬಾತ ಅದರ ಹಿಂದಿನ ವರ್ಷವೇ ಬರೆದಿದ್ದನಂತೆ, ಗೇರು ಬದಲಿಸುವುದೆಲ್ಲ 45 ದಾಟಿದವರಿಗೆ ಎಂದು. ಆ ಪಂದ್ಯದಲ್ಲಿ ಈಗಿನಂಥ ಗೇರಿಗೆ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. “ರೀ, ನಿಮಗೆ 45 ದಾಟಿ ಇಪ್ಪತ್ತೊಂದು ವರ್ಷ ಆಯ್ತಲ್ಲ,” ಅಂದೆ. ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ಸರಿ, ನನ್ನ ಸೈಕಲ್ಲಿಗೆ ಹಾಕಿಸಿಕೊಳ್ಳುತ್ತೇನೆ ಎಂದು ಚೀಟಿ ದುಡ್ಡು ತೆಗೆದುಕೊಂಡು ಹೊರಟೆ. ನೀವು ಯಾರಾದರೂ ಈ ಕೆಲಸಕ್ಕೆ ಹೋದರೆ ನನ್ನ ಹಾಗೆ ಮೋಸಹೋಗಬೇಡಿ. ಮೊದಲ ಅಂಗಡಿಯವನು ಹಿಂದಿನ ಚಕ್ರದ ಗೊಂಚಲನ್ನಷ್ಟೇ ಬದಲಿಸಿ ಕಳಿಸಿದ. ಚೈನು ಕಟಕಟ ಅಂದು ಸಿಕ್ಕಿಹಾಕಿಕೊಂಡಿತು. ನಮ್ಮಂಥ ಹಳೆಯ ಪಂದ್ಯದ ಸೈಕಲ್ಲಿನಲ್ಲಿ ಚೈನನ್ನು ಸರಿಸುವ ಹಿಂದಿನ ಕೈ ಗಿಡ್ಡ. 34 ಹಲ್ಲಿನ ಚಕ್ರಕ್ಕೆ ಉದ್ದ ಕೈಯದು ಬೇಕು, ಚೈನೂ ಉದ್ದದ್ದು ಬೇಕು. ಹಿಂದೆ ಮೊದಲು ಎಷ್ಟು ಚಕ್ರಗಳಿದ್ದವೋ ಅಷ್ಟೇ ಇರುವ ಗೊಂಚಲು ತರಬೇಕು. ಮುಂದಿನ 39ರ ಜಾಗದಲ್ಲಿ 34 ಕೂರುವುದಿಲ್ಲ, ಬೋಲ್ಟಿನ ತೂತುಗಳೇ ಬೇರೆ. ಪೆಡಲ್ಲಿನ ಕ್ರ್ಯಾಂಕ್ ಸಮೇತ ಬದಲಿಸಬೇಕು. ಇದೆಲ್ಲ ಎರಡನೇ ಅಂಗಡಿಯ ಮುದುಕಪ್ಪ ಸಾವಧಾನವಾಗಿ ಹೇಳಿ, ಮಾಡಿಕೊಟ್ಟ. ಒಂದು ಕೊರತೆಯುಂಟು, ಮುಚ್ಚಿಡುವುದಿಲ್ಲ: ಗೇರಿಂದ ಗೇರಿಗೆ ಅಂತರ ಜಾಸ್ತಿ, ಸಮ ರಸ್ತೆಯಲ್ಲಿ ಕಾಲಿಗೆ ಸರಿಯಾದದ್ದು ಸಿಗದೆ ಒಮ್ಮೊಮ್ಮೆ ಕಿರಿಕಿರಿ.

ಆ ಭಾನುವಾರ ಒಬ್ಬಳೇ ಬೆಟ್ಟ ಹತ್ತಿದೆ. ಆಮೆಯ ನಡಿಗೆಯೇ, ಆದರೆ ಎಲ್ಲೂ ಇಳಿಯಲಿಲ್ಲ. ಮನೆಗೆ ಬಂದು ನಾನೇನೂ ಹೇಳಲಿಲ್ಲ, ಅವರೇನೂ ಕೇಳಲಿಲ್ಲ.

ಮುಂದಿನ ಗುರುವಾರ ನಾನು ಇಡ್ಲಿ ಹಿಟ್ಟು ರುಬ್ಬುತ್ತಿದ್ದೆ. “ನಿನ್ನ ಸೈಕಲ್ ಬ್ರೇಕ್ ಸಡಲ ಆಗೇತೇನೋ, ನೋಡಿಕೊಂಡು ಬರ್ತೀನಿ,” ಎಂದು ಹೊರಟವರು ಎರಡು ಗಂಟೆಯಾದರೂ ಪತ್ತೆಯಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಬಾಗಿಲಿಗೂ ಅಡುಗೆಮನೆಗೂ ಓಡಾಡಿದೆ. ಕೊನೆಗೆ ಗೇಟು ಸದ್ದಾಯಿತು. ಅಂಗಿ ಬೆವರಿಗೆ ತೊಪ್ಪೆ. ನನ್ನ ಸೀಟನ್ನು ನಾಲ್ಕು ಬೆರಳು ಮೇಲೆತ್ತಿಕೊಂಡಿದ್ದಾರೆ!

“ಬ್ರೇಕ್ ಛಲೋ ಐತಿ,” ಅಂದರು. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಕೈಗಿತ್ತರು. ತಾಯಿಯ ಕುಂಕುಮ.

ಸ್ನಾನಕ್ಕೆ ಹೋಗುತ್ತ ಬಾಗಿಲಲ್ಲಿ ನಿಂತು ಕೇಳಿದರು: “ಆ ಅಂಗಡಿ ಮುದುಕಪ್ಪ ಭಾನುವಾರ ಇರ್ತಾನೇನು?”