ಕಾಣದ ಮುಖ, ಕೇಳಿದ ಕಂಠ

1933ರಲ್ಲಿ ತೆರೆಕಂಡ ‘ದಿ ಇನ್ವಿಸಿಬಲ್ ಮ್ಯಾನ್’ ಚಿತ್ರದ ಕಥಾನಾಯಕನ ಮುಖವನ್ನು ಪ್ರೇಕ್ಷಕರು ಕಂಡುದು ಕಟ್ಟಕಡೆಯ ಕೆಲವು ಕ್ಷಣಗಳಲ್ಲಿ ಮಾತ್ರ. ಅದುವರೆಗೆ ತೆರೆಯ ಮೇಲೆ ಇದ್ದುದು ಬಟ್ಟೆ ಸುತ್ತಿದ ತಲೆ, ಕಪ್ಪು ಕನ್ನಡಕ, ಬರಿದಾದ ಅಂಗಿ, ಉಳಿದುದೆಲ್ಲ ಕಂಠ. ಅದು ಕ್ಲಾಡ್ ರೇನ್ಸ್‌ನ ಕಂಠ. ಅಮೆರಿಕದ ಚಿತ್ರರಂಗಕ್ಕೆ ಕಾಲಿಡುವಾಗ ಆತನಿಗೆ 40 ದಾಟಿತ್ತು.

ಆ ಕಂಠವಾದರೂ ಹುಟ್ಟಿನಿಂದ ಬಂದ ವರವಲ್ಲ. 1889ರಲ್ಲಿ ಲಂಡನ್ನಿನ ಬಡ ಕುಟುಂಬವೊಂದರಲ್ಲಿ ಜನಿಸಿದ ರೇನ್ಸ್‌ಗೆ ಬಾಲ್ಯದಲ್ಲಿ ಉಗ್ಗು. ರಕಾರ ನಾಲಿಗೆಗೆ ಒಗ್ಗದು. ಆಡುವ ಮಾತು ಲಂಡನ್ನಿನ ಕೇರಿಯ ಮಾತು. ನಾಟಕಶಾಲೆಯಲ್ಲಿ ಚಿಲ್ಲರೆ ಕೆಲಸಕ್ಕೆ ಸೇರಿದ ಈ ಹುಡುಗನ ಮೇಲೆ ಹೆಸರಾಂತ ನಟ ಹರ್ಬರ್ಟ್ ಬೀರ್‌ಬೋಮ್ ಟ್ರೀಯ ಕಣ್ಣು ಬಿದ್ದಿತು. ಆತನ ನೆರವಿನಿಂದ ರೇನ್ಸ್ ಉಚ್ಚಾರಣೆಯನ್ನು ಅಕ್ಷರ ಅಕ್ಷರವಾಗಿ ತಿದ್ದಿಕೊಂಡ.

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಬಂದಿತು. ರಣರಂಗದ ವಿಷಾನಿಲ ಆತನ ಒಂದು ಕಣ್ಣಿನ ದೃಷ್ಟಿಯನ್ನು ಬಹುಮಟ್ಟಿಗೆ ಕಸಿದುಕೊಂಡಿತು. ಸಾಮಾನ್ಯ ಸಿಪಾಯಿಯಾಗಿ ಸೇರಿದವನು ಕ್ಯಾಪ್ಟನ್ ಆಗಿ ಹಿಂದಿರುಗಿದ. ಬಳಿಕ ರಂಗಭೂಮಿಯಲ್ಲಿ ನಟಿಸುತ್ತಲೇ ಲಂಡನ್ನಿನ ರಾಯಲ್ ನಾಟಕ ಅಕಾಡೆಮಿಯಲ್ಲಿ ಪಾಠ ಹೇಳಿದ. ಒಂದು ಕಾಲಕ್ಕೆ ಮಾತನಾಡಲು ತಡವರಿಸುತ್ತಿದ್ದವನ ಬಳಿ ಚಾರ್ಲ್ಸ್ ಲಾಟನ್, ಜಾನ್ ಗೀಲ್ಗುಡ್ ನಟನೆ ಕಲಿತರು.

ಹಾಲಿವುಡ್ ಆತನಿಗೆ ಹೆಚ್ಚಾಗಿ ಕೊಟ್ಟುದು ನಾಯಕನ ಪಕ್ಕದ ಸ್ಥಾನವನ್ನು. ಆ ಸ್ಥಾನದಲ್ಲಿಯೇ ಆತ ಎಷ್ಟು ಮಂದಿಯಾದ! ‘ರಾಬಿನ್ ಹುಡ್’ ಚಿತ್ರದ ಕುಟಿಲ ರಾಜಕುಮಾರ ಜಾನ್, ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ನಲ್ಲಿ ಮನಸ್ಸಾಕ್ಷಿಯನ್ನು ಮಾರಿಕೊಂಡು ಕೊನೆಗೆ ಅದರ ಇರಿತವನ್ನು ತಾಳಲಾರದ ಸೆನೆಟರ್, ‘ಕಾಸಾಬ್ಲಾಂಕಾ’ದಲ್ಲಿ ಲಂಚ ತಿನ್ನುತ್ತಲೇ ಪ್ರೇಕ್ಷಕರ ಪ್ರೀತಿಯನ್ನು ಗಳಿಸುವ ಪೊಲೀಸ್ ಅಧಿಕಾರಿ ರೆನೋ. ‘ನಟೋರಿಯಸ್’ನಲ್ಲಿ ಆತ ನಾಜಿಗಳ ಸಹಚರ, ಆದರೂ ನಂಬಿದ ಹೆಂಡತಿಯೇ ಗೂಢಚಾರಿಣಿ ಎಂದು ತಿಳಿದಾಗ ಅವನ ಮೇಲೆ ಕನಿಕರ ಹುಟ್ಟುತ್ತದೆ. ಖಳನನ್ನೂ ಮನುಷ್ಯನಾಗಿ ಕಾಣಿಸುವುದೇ ರೇನ್ಸ್‌ನ ಸಿದ್ಧಿ. ‘ಮಿಸ್ಟರ್ ಸ್ಕೆಫಿಂಗ್ಟನ್’ನಲ್ಲಿ ನಾಜಿಗಳ ಸೆರೆಯಿಂದ ಕುರುಡನಾಗಿ ಮರಳುವ ಗಂಡನ ಪಾತ್ರವನ್ನು ಆತ ಅಭಿನಯಿಸಿದ. ಕತ್ತಲೆಯ ಅರ್ಧಭಾಗವನ್ನು ಆತ ಸ್ವತಃ ಬಲ್ಲವನಾಗಿದ್ದ.

ಸೆನೆಟರ್, ಪೊಲೀಸ್ ಅಧಿಕಾರಿ, ಕುರುಡ ಗಂಡ, ವಂಚಿತ ಪತಿ—ಈ ನಾಲ್ಕು ಪಾತ್ರಗಳಿಗೂ ಪೋಷಕ ನಟನ ಆಸ್ಕರ್ ಪ್ರಶಸ್ತಿಗೆ ಆತನ ಹೆಸರು ಸೂಚಿತವಾಯಿತು. ನಾಲ್ಕು ಬಾರಿಯೂ ಪ್ರಶಸ್ತಿ ಬೇರೆಯವರ ಪಾಲಾಯಿತು. ನಾಲ್ಕನೆಯ ಬಾರಿ ಅದು ಹೆರಾಲ್ಡ್ ರಸೆಲ್‌ಗೆ ಸಂದಿತು. ಆತ ವೃತ್ತಿಯ ನಟನಲ್ಲ, ಸೈನ್ಯದಲ್ಲಿದ್ದಾಗ ಸ್ಫೋಟದಲ್ಲಿ ಎರಡೂ ಕೈಗಳನ್ನು ಕಳೆದುಕೊಂಡವನು. ತನ್ನ ಗಾಯ ಜನರ ಕಣ್ಣಿಗೆ ಬೀಳದಂತೆ ಬಾಳಿದ ರೇನ್ಸ್ ಇನ್ನೊಬ್ಬ ಯೋಧನಿಗೆ ಸೋತ.

ರಂಗಭೂಮಿ ಆತನನ್ನು ಮರೆಯಲಿಲ್ಲ. ‘ಡಾರ್ಕ್‌ನೆಸ್ ಅಟ್ ನೂನ್’ ನಾಟಕದ ಅಭಿನಯಕ್ಕಾಗಿ 1951ರಲ್ಲಿ ಟೋನಿ ಪ್ರಶಸ್ತಿ ದೊರೆಯಿತು. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿಯೂ ಆ ಕಂಠದ ಹರಿತ ಕುಗ್ಗಿರಲಿಲ್ಲ. 1967ರಲ್ಲಿ ಆತ ತೀರಿಕೊಂಡ.

ಶಿಷ್ಯ ಲಾಟನ್‌ಗೆ ಆಸ್ಕರ್ ಬಹು ಹಿಂದೆಯೇ ಬಂದಿತ್ತು. ‘ಆರ್ಥರ್’ ಎಂಬ 1981ರ ಚಿತ್ರಕ್ಕಾಗಿ ಗೀಲ್ಗುಡ್‌ಗೂ ಬಂದಿತು. ಅದೂ ಪೋಷಕ ನಟನ ಪ್ರಶಸ್ತಿಯೇ. ಗುರುವಿಗೆ ನಾಲ್ಕು ಬಾರಿ ತಪ್ಪಿದುದು ಶಿಷ್ಯನ ಕೈಸೇರಿದಾಗ, ಗುರು ಕಣ್ಮರೆಯಾಗಿ ಹದಿನೈದು ವರ್ಷಗಳಾಗುತ್ತ ಬಂದಿದ್ದವು.