ಲೆಕ್ಕದ ಪುಸ್ತಕವಿತ್ತು, ಕಾಳಿರಲಿಲ್ಲ

ಹರಿಹರದ ಅಪ್ಪನಿಗೂ ದಾವಣಗೆರೆಯಲ್ಲಿ ರೂಮು ಮಾಡಿಕೊಂಡು ಓದುವ ಮಗನಿಗೂ ಇದ್ದ ಜಗಳ ಒಂದು ಕಂಪ್ಯೂಟರಿನದು. ಕಾಲೇಜಿನ ಪಾಠಕ್ಕೆಂದು ಸಾಲ ಮಾಡಿ ಕೊಡಿಸಿದ ಡೆಸ್ಕ್‌ಟಾಪಿನಲ್ಲಿ ಮಗ ಮದುವೆ ವಿಡಿಯೋ ಎಡಿಟ್ ಮಾಡುತ್ತ ಕೂತರೆ ಯಾವ ಅಪ್ಪನಿಗೆ ಸಿಟ್ಟು ಬರುವುದಿಲ್ಲ? ಅದೂ ಈ ಅಪ್ಪ ಸ್ವತಃ ಮದುವೆ ವಿಡಿಯೋದವರು. ತಾವು ಪಟ್ಟ ಪಾಡು ಮಗನಿಗೆ ಬೇಡವೆಂದೇ ಓದಲು ಕಳಿಸಿದ್ದು. ಸ್ಟುಡಿಯೋಗೆ ಕೊಡುವ ಎಡಿಟಿಂಗ್ ಖರ್ಚು ಉಳಿಯಿತೆಂದು ಒಳಗೊಳಗೇ ಸಮಾಧಾನವಿದ್ದರೂ ಗೊಣಗುವುದು ಮಾತ್ರ ನಿಲ್ಲಲಿಲ್ಲ.

ಅವರ ಕಾಲದ ಎಡಿಟಿಂಗ್ ಎಂದರೆ ಎರಡು ವಿ.ಸಿ.ಆರ್. ಒಂದರಲ್ಲಿ ಕ್ಯಾಸೆಟ್ ಓಡಿಸಿ, ಬೇಕಾದ ಜಾಗ ಬಂದೊಡನೆ ಇನ್ನೊಂದರ ಗುಂಡಿ ಒತ್ತಬೇಕು. ನಡುವೆ ಒಂದು ದೃಶ್ಯ ಬಿಟ್ಟುಹೋಗಿದ್ದರೆ ಅಲ್ಲಿಂದ ಮುಂದಿನದೆಲ್ಲ ಮತ್ತೆ ಮಾಡಬೇಕು. ನಕಲಿನಿಂದ ನಕಲು ತೆಗೆದಷ್ಟೂ ಬಣ್ಣ ಮಾಸುತ್ತಿತ್ತು. ಕ್ಯಾಸೆಟ್ ಉಳಿಸಲು ಒಂದು ಮದುವೆಯ ಮೇಲೆ ಇನ್ನೊಂದು ಮದುವೆಯನ್ನು ತುಂಬುವುದೂ ಇತ್ತು. ಹಾಗೆ ಅಳಿಸಿಹೋದ ಕ್ಯಾಸೆಟ್ ಕೇಳಿಕೊಂಡು ಬಂದವರ ಮುಖವನ್ನು ಅವರು ಇನ್ನೂ ಮರೆತಿಲ್ಲ.

ಅಡೋಬ್ ಪ್ರೀಮಿಯರ್ ಎಂಬ ಸಾಫ್ಟ್‌ವೇರ್ ಮೆಕಿಂಟಾಷ್ ಕಂಪ್ಯೂಟರಿಗೆ ಬಂದದ್ದು 1991ರಲ್ಲಿ. ಹರಿಹರದಲ್ಲಿ ಆಗ ಅದರ ಹೆಸರು ಕೇಳಿದವರಿರಲಿಲ್ಲ. ಮಗ ಬಳಸುವುದು ಡಾವಿಂಚಿ ರಿಸಾಲ್ವ್. ಸಿನಿಮಾದವರು ಬಣ್ಣ ತಿದ್ದಿಕೊಳ್ಳುತ್ತಿದ್ದ ದುಬಾರಿ ವ್ಯವಸ್ಥೆ ಅದು. 2011ರಲ್ಲಿ ಅದರ ಉಚಿತ ಆವೃತ್ತಿ ಬಂತು. ಕದ್ದ ಸಾಫ್ಟ್‌ವೇರ್ ಹಾಕಿ ವೈರಸ್ ತಂದುಕೊಳ್ಳುವ ಹುಡುಗರು ಇದನ್ನು ಗಮನಿಸಬಹುದು.

“ಇಷ್ಟು ಕತ್ತರಿಸ್ತೀಯಲ್ಲೋ, ಮೂಲ ಹಾಳಾಗಲ್ವಾ?” ಎಂದು ಅಪ್ಪ ಒಮ್ಮೆ ಕೇಳಿದ್ದರು.

“ಇಲ್ಲ ಅಪ್ಪಾಜಿ. ಇದು ದಲಾಲಿ ಅಂಗಡಿ ಲೆಕ್ಕದ ಪುಸ್ತಕ ಇದ್ದಂಗೆ. ಪುಸ್ತಕದಾಗೆ ಮೆಕ್ಕೆಜೋಳ ಇರಲ್ಲ, ಗೋದಾಮಿನಾಗಿರ್ತದೆ. ಎಲ್ಲಿಂದ ಎಲ್ಲಿಗೆ ತೋರಿಸ್ಬೇಕು ಅಂತ ಬರ್ಕೊಳ್ಳೋದಷ್ಟೇ ಸಾಫ್ಟ್‌ವೇರ್ ಕೆಲಸ.”

ಆ ಮಾತಿನ ಅರ್ಥ ಅವನಿಗೇ ತಿಳಿದದ್ದು ಮೂರು ತಿಂಗಳ ನಂತರ. ಹರಿಹರದ ಮದುವೆಯೊಂದರ ಮದುಮಗಳು ಅಂಗಡಿಗೆ ಬಂದಳು. ಅವಳ ತಂದೆ ತೀರಿಕೊಂಡಿದ್ದರು. ಮದುವೆ ವಿಡಿಯೋದಲ್ಲಿ ಅವರು ಇದ್ದದ್ದು ಧಾರೆಯ ಹೊತ್ತಿನಲ್ಲಿ ಮಾತ್ರ. ಉಳಿದಂತೆ ಊಟದ ಪಂಕ್ತಿಯಲ್ಲಿ, ಬಾಗಿಲಲ್ಲಿ ಓಡಾಡುತ್ತಲೇ ಇದ್ದವರು. ಚಿತ್ರ ಅಲುಗಾಡಿದೆಯೆಂದು ಹುಡುಗ ಎಲ್ಲವನ್ನೂ ಕೈಬಿಟ್ಟಿದ್ದ.

ರೂಮಿಗೆ ಓಡಿ ಪ್ರಾಜೆಕ್ಟ್ ತೆರೆದರೆ ಪರದೆಯೆಲ್ಲ ಕೆಂಪು: ‘ಮೀಡಿಯಾ ಆಫ್‌ಲೈನ್’. ಮುಂದಿನ ಮದುವೆಗೆ ಜಾಗ ಸಾಲದೆ ಮೂಲ ಫೈಲುಗಳನ್ನು ಅವನೇ ಅಳಿಸಿದ್ದ. ಅಪ್ಪನಿಗೆ ಫೋನು ಮಾಡುವಾಗ ದನಿ ನಡುಗುತ್ತಿತ್ತು.

ಅಪ್ಪ ಬೈಯಲಿಲ್ಲ. ಕೊನೆಯ ಬಸ್ಸಿಗೆ ಬಂದವರು ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ಹಾರ್ಡ್ ಡಿಸ್ಕ್ ತೆಗೆದರು. ಪ್ರತಿ ಮದುವೆಯ ರಾತ್ರಿ, ಮಗನಿಗೆ ಕಳಿಸುವ ಮೊದಲೇ, ಕ್ಯಾಮೆರಾದ ಕಾರ್ಡನ್ನು ನಕಲು ಮಾಡಿ ಬೀರುವಿನಲ್ಲಿಡುವುದು ಅವರ ರೂಢಿಯಾಗಿತ್ತು.

ಫೈಲುಗಳ ಹೊಸ ವಿಳಾಸ ತೋರಿಸಿದೊಡನೆ ಕೆಂಪು ಅಳಿಸಿ ಮಂಟಪ ಮೂಡಿತು. ಇಬ್ಬರೂ ಬೆಳಗಿನ ಜಾವದವರೆಗೆ ಕೂತು ಹುಡುಕಿದರು. ಅಡಿಗೆಯವರನ್ನು ಗದರಿಸುವ ತಂದೆ. ಬೇಡವೆಂದರೂ ಎಲೆಗೆ ಪಾಯಸ ಬಡಿಸುವ ತಂದೆ. ಮಗಳನ್ನು ಕಳಿಸಿಕೊಡುವ ಹೊತ್ತಿಗೆ ಕಂಬದ ಮರೆಯಲ್ಲಿ ಟವೆಲಿನಿಂದ ಮುಖ ಒರೆಸಿಕೊಳ್ಳುವ ತಂದೆ. ಅಲ್ಲಿ ಕ್ಯಾಮೆರಾ ತೀರಾ ಅಲುಗಾಡಿತ್ತು. ಅಭ್ಯಾಸಬಲದಿಂದ ಹುಡುಗನ ಕೈ ಮೌಸಿನತ್ತ ಸರಿಯಿತು.

“ಇರಲಿ ಬಿಡೋ, ಅದನ್ನ ಕತ್ತರಿಸಬೇಡ” ಎಂದರು ಅಪ್ಪ.