ಯಗಚಿಯ ನೀರುನಾಯಿಗೂ ಒಂದು ಪಾಲು

ಆಫೀಸಿನ ವಾಟ್ಸಾಪ್ ಗ್ರೂಪಿಗೆ ಆ ವಿಡಿಯೊ ಆಗಾಗ ಬರುತ್ತಲೇ ಇರುತ್ತೆ. ಎರಡು ಕಡಲ ನೀರುನಾಯಿಗಳು ಅಂಗಾತ ತೇಲುತ್ತಾ, ಒಂದರ ಕೈ ಇನ್ನೊಂದು ಹಿಡಿದು ನಿದ್ದೆ ಮಾಡೋ ವಿಡಿಯೊ. ಕೆಳಗೆ ಸಾಲುಸಾಲು ಹಾರ್ಟುಗಳು. ಕಳೆದ ಸಲ ನಮ್ಮ ಟೀಮಿನ ಹುಡುಗಿಯೊಬ್ಬಳು, "ಇವು ನಮ್ಮ ಕಡೆ ಇಲ್ವಾ?" ಅಂತ ಕೇಳಿದಳು. ಕಡಲ ನೀರುನಾಯಿ ಇಲ್ಲ, ಅದು ಉತ್ತರ ಪೆಸಿಫಿಕ್‌ನ ತಣ್ಣೀರಿನದು. ಆದರೆ ಅದರ ದಾಯಾದಿಯೊಂದು ಬೇಲೂರಿನ ಹತ್ತಿರ ನಮ್ಮ ಸೋದರಮಾವನ ಬಲೆ ಹರಿಯುತ್ತೆ ಅಂದೆ. ತಮಾಷೆ ಅಂದುಕೊಂಡರು.

ನನ್ನೂರು ಅರಸೀಕೆರೆ. ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಹೆಸರು ಬಂದ ಊರು. ನಾವು ಬೆಳೆದದ್ದು ಮಾತ್ರ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತು. ಹಾಗಾಗಿ ರಜೆಗೆ ಅಮ್ಮನ ತವರಿಗೆ ಹೋಗೋದು ಅಂದರೆ ನೀರು ನೋಡೋಕೆ ಹೋಗೋದು ಅಂತಲೇ ಅರ್ಥ. ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟುವ ಯಗಚಿ ಬೇಲೂರಿನ ಪಕ್ಕದಲ್ಲಿ ಹರಿದು, ಗೊರೂರಿನ ಹತ್ತಿರ ಹೇಮಾವತಿ ಸೇರುತ್ತೆ. ಹೇಮಾವತಿ ಮುಂದೆ ಕನ್ನಂಬಾಡಿಯಲ್ಲಿ ಕಾವೇರಿಗೆ.

ಮಾವ ಮೂರು ಜನರ ಜೊತೆ ಪಾಲು ಸೇರಿ, ನದಿಗೆ ಹತ್ತಿರದ ಒಂದು ಕೆರೆಯ ಮೀನು ಪಾಶುವಾರು ಹಕ್ಕನ್ನು ಹರಾಜಿನಲ್ಲಿ ಹಿಡಿದರು. ಕಾಟ್ಲಾ, ರೋಹು ಮರಿ ಬಿಟ್ಟರು. ಎರಡನೇ ವರ್ಷ ಹಳ್ಳದ ದಾರಿಯಲ್ಲಿ ನೀರುನಾಯಿಗಳು ಬಂದವು. ಒಂದಲ್ಲ ಎರಡಲ್ಲ, ಮರಿಮಕ್ಕಳ ಸಮೇತ ಸಂಸಾರವೇ ಬಂತು. ಈ ಜಾತಿ ಬದುಕೋದೇ ಹಾಗೆ, ಗುಂಪಾಗಿ ಮೀನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತೆ.

"ಪೂರ್ತಿ ತಿಂದ್ರೆ ಹೊಟ್ಟೆ ಉರೀತಿರ್ಲಿಲ್ಲ ಕಣವ್ವ. ಬಲೇಲಿರೋದನ್ನ ಅರ್ಧ ಕಚ್ಚಿ ಬಿಟ್ಟೋಯ್ತವೆ, ಬಲೇನೂ ಹರ್ದು ಹಾಕ್ತವೆ," ಅಂದರು ಮಾವ. ಪಾಲುದಾರರಲ್ಲಿ ಒಬ್ಬರು ತೋಟೆ ಇಡೋಣ ಅಂದರಂತೆ. ಮಾವನ ಉತ್ತರ: "ತೋಟೆ ಇಟ್ರೆ ನಮ್ಮ ಮೀನು ಬದುಕ್ತವೇನಯ್ಯ?" ಪ್ರಾಣಿದಯೆಗಿಂತ ಗಟ್ಟಿ ವಾದ ಅದು. ಸದ್ಯಕ್ಕೆ ಆ ಮಾತು ಅಲ್ಲಿಗೇ ನಿಂತಿದೆ, ಆದರೆ ಇನ್ನೊಂದು ಬಲೆ ಹರಿದರೆ ಮತ್ತೆ ಏಳುತ್ತೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನೀರುನಾಯಿ ಕೊಂದರೆ ಜೈಲು ಅಂತ ನಾನು ಹೇಳಿದೆ. 2019ರಲ್ಲಿ ಭಾರತವೂ ಸೇರಿ ಕೇಳಿಕೊಂಡಿದ್ದರಿಂದ ಈ ಪ್ರಾಣಿಯ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಿದ್ದಿದೆ ಅಂತಲೂ ಹೇಳಿದೆ. ಮಾವ ಎಲ್ಲ ಕೇಳಿಸಿಕೊಂಡು, "ಆನೆ ಬಂದು ಭತ್ತ ತುಳಿದ್ರೆ ಪರಿಹಾರಕ್ಕೆ ಅರ್ಜಿ ಹಾಕ್ತೀವಿ. ಇದು ತಿಂದಿದ್ದಕ್ಕೆ ಯಾರ್ನ ಕೇಳಾನ?" ಅಂದರು. ಬೇಲೂರು, ಸಕಲೇಶಪುರ, ಆಲೂರಿನವರಿಗೆ ಆನೆ ಪರಿಹಾರದ ಅರ್ಜಿ ಬಾಯಿಪಾಠ. ಮೀನಿಗೆ ಪರಿಹಾರ ಬಂದದ್ದನ್ನು ನಮ್ಮ ಕಡೆ ಯಾರೂ ಕೇಳಿಲ್ಲ.

ಈ ಜಗಳ ನಮ್ಮೊಬ್ಬರದೇ ಅಲ್ಲ. ತುಪ್ಪಳದ ಆಸೆಗೆ ಕಡಲ ನೀರುನಾಯಿಗಳನ್ನು ಎಷ್ಟು ಕೊಂದರೆಂದರೆ, 1911ರ ಒಪ್ಪಂದ ಅವನ್ನು ಉಳಿಸೋ ಹೊತ್ತಿಗೆ ಇಡೀ ಪೆಸಿಫಿಕ್‌ನಲ್ಲಿ ಒಂದೆರಡು ಸಾವಿರ ಉಳಿದಿದ್ದವು. ಕ್ಯಾಲಿಫೋರ್ನಿಯಾದಲ್ಲಿ 1938ರಲ್ಲಿ ಜನರ ಕಣ್ಣಿಗೆ ಬಿದ್ದದ್ದು ಸುಮಾರು 50. ಈಗ ಅಲ್ಲಿ 3,000ದ ಆಸುಪಾಸು. ಅವು ಕಡಲಮುಳ್ಳಿ ತಿನ್ನುವುದರಿಂದ ನೀರೊಳಗಿನ ಕೆಲ್ಪ್ ಪಾಚಿಯ ಕಾಡು ಉಳಿಯುತ್ತೆ, ಆ ಕಾಡಿನಲ್ಲಿ ಮೀನು ಬೆಳೆಯುತ್ತೆ. ಆದರೆ ಚಿಪ್ಪುಮೀನು ಹಿಡಿಯೋರಿಗೆ ಅವು ಕಳ್ಳರೇ. ಅವರನ್ನು ಸಮಾಧಾನ ಮಾಡೋಕೆ 1987ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಕಡಲಿಗೆ ಒಂದು ಗೆರೆ ಎಳೆದು, ಇದರಾಚೆ ನೀರುನಾಯಿ ಇರಕೂಡದು ಅಂತ ನಿಯಮ ಮಾಡಿದರು. ಗೆರೆ ದಾಟಿದವನ್ನು ಹಿಡಿದು ವಾಪಸ್ ಬಿಡುವುದು ಯೋಜನೆ. ಅವು ಗೆರೆ ನೋಡಲೇ ಇಲ್ಲ, ಮತ್ತೆ ಮತ್ತೆ ಈಜಿ ಬಂದವು. 2012ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು. ಇದನ್ನು ಹೇಳಿದಾಗ ಮಾವ ನಕ್ಕರು ನೋಡಿ, ಬಲೆ ಹರಿದ ಮೇಲೆ ಮೊದಲ ಸಲ.

ನಮ್ಮಲ್ಲೂ ಒಂದು ಪ್ರಯೋಗ ಆಗಿದೆ. ತುಂಗಭದ್ರಾ ಅಣೆಕಟ್ಟೆಯ ಕೆಳಗೆ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗೆ 34 ಕಿಲೋಮೀಟರ್ ನದಿಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ನೀರುನಾಯಿಗಾಗಿಯೇ ಮಾಡಿದ ಇಂಥ ಮೀಸಲು ದೇಶದಲ್ಲಿ ಅದೇ ಮೊದಲು. ಹಂಪಿ ಇರುವುದೇ ಆ ದಡದಲ್ಲಿ. ನಾನು ಹೋದಾಗ ಪ್ರಾಣಿ ಕಾಣಲಿಲ್ಲ. ಬಂಡೆ ಮೇಲೆ ಮೀನಿನ ಮುಳ್ಳು, ಹೊಳಪು ಚೂರುಗಳಿದ್ದ ಹಿಕ್ಕೆ ಮಾತ್ರ ಕಂಡಿತು. ಗುಂಪಿನವೆಲ್ಲ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತವೆ. (ಫೋಟೊ ತೆಗೆದೆ. ಗ್ರೂಪಿಗೆ ಹಾಕಲಿಲ್ಲ.) ತೋಟೆ, ಮರಳು ದಂಧೆ ಅಲ್ಲೂ ಕಾಡಿದ ವಿಷಯಗಳೇ. ಬಿಲ ಇರೋದು ದಡದಲ್ಲಿ. ಮರಳಿಗಾಗಿ ದಡ ಅಗೆದ ಮೇಲೆ ಕಾಯ್ದೆಯಲ್ಲಿ ಪ್ರಾಣಿಯ ಹೆಸರಿದ್ದು ಏನು ಮಾಡೋದು?

ನಮ್ಮ ಕಡೆ ಕೊರತೆ ಇರೋದು ಇಲ್ಲೇ. ಬೇಲೂರು, ಹಳೇಬೀಡಿನ ದೇವಸ್ಥಾನಗಳು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿರ್ಬಂಧಿತ ಅಂತ ಮೊದಲಿಂದಲೂ ಇದೆ. ಅಲ್ಲಿನವರು ಮನೆ ರಿಪೇರಿಗೂ ಅನುಮತಿಗೆ ಅಲೆದು ಬೈದುಕೊಂಡರೂ, ಕಲ್ಲು ಉಳಿದಿದೆ. ಯಗಚಿ ದಡಕ್ಕೆ ಅಂಥ ಒಂದು ಮೀಟರೂ ಇಲ್ಲ. ಯಗಚಿ ನೀರನ್ನು ಹಳೇಬೀಡಿನ ದ್ವಾರಸಮುದ್ರ ಕೆರೆಗೆ ತರೋ ರಣಘಟ್ಟ ಯೋಜನೆಗಾಗಿ ರೈತರು ವರ್ಷಗಟ್ಟಲೆ ಹೋರಾಡಿದ್ದಾರೆ. ಅರಸೀಕೆರೆಯವಳಾಗಿ ನಾನು ಅದನ್ನು ಬೇಡ ಅನ್ನಲಾರೆ. ಬೇಸಿಗೆಯಲ್ಲಿ ನದಿಯಲ್ಲೇ ಎಷ್ಟು ನೀರು ಬಿಡಬೇಕು ಅನ್ನೋ ಲೆಕ್ಕವೂ ಅದೇ ಫೈಲಿನಲ್ಲಿ ಇರಲಿ ಅಂತಷ್ಟೇ.

ಕಾಯ್ದೆಯ 36ಎ ಸೆಕ್ಷನ್ ಓದಿದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು. ಸಂರಕ್ಷಣಾ ಮೀಸಲು ಅಂದರೆ ಅಭಯಾರಣ್ಯದ ಹಾಗೆ ಜನರನ್ನು ಎಬ್ಬಿಸೋದಲ್ಲ. ಸರ್ಕಾರಿ ಜಾಗದಲ್ಲಿ, ಸ್ಥಳೀಯರನ್ನು ಕೇಳಿಯೇ ಘೋಷಿಸಬೇಕು. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯವರೂ ಇರುತ್ತಾರೆ. ವಿಷ, ಸ್ಫೋಟಕಕ್ಕೆ ಅಲ್ಲಿ ಜಾಗವಿಲ್ಲ. ಕೆರೆಗಳಿಗೂ ಇದು ಆಗಿದೆ: ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ಹಕ್ಕಿಗಳಿಗಾಗಿ ಮೀಸಲಾದವು, 2024ರಲ್ಲಿ ರಾಮ್ಸರ್ ಪಟ್ಟಿಗೂ ಬಂದವು.

ಮುಂದಿನ ಗ್ರಾಮಸಭೆಗೆ ಕೊಡೋಕೆ ಒಂದು ಪುಟದ ಅರ್ಜಿ ಬರೆದೆ. ಮೊದಲು ನದಿಯ ಯಾವ ಯಾವ ದಡದಲ್ಲಿ ಬಿಲ ಇದೆ ಅಂತ ಅರಣ್ಯ ಇಲಾಖೆ, ಮೀನುಗಾರಿಕೆ ಇಲಾಖೆ ಒಟ್ಟಿಗೆ ಗುರುತಿಸಲಿ. ಆಮೇಲೆ ಮೀಸಲಿನ ಮಾತು. ಮಾವ ಓದಿಸಿಕೊಂಡು, "ಇಷ್ಟೇ ಆದ್ರೆ ನಾನು ಸೈನ್ ಹಾಕಲ್ಲ" ಅಂದರು. ನೀರುನಾಯಿ ಬರೋ ಕೆರೆಗಳ ಪಾಶುವಾರು ಹರಾಜಿನಲ್ಲಿ ಅವುಗಳ ಪಾಲಿನ ಮೀನಿನ ಬೆಲೆ ಕಳೆದು ಮೊತ್ತ ನಿಗದಿ ಮಾಡಬೇಕು ಅನ್ನೋ ಸಾಲು ಸೇರಿಸಿಸಿದರು, ಅದೂ ಎಲ್ಲಕ್ಕಿಂತ ಮೇಲೆ. ತೋಟೆ ಅಂದಿದ್ದ ಪಾಲುದಾರರೂ ಆ ಸಾಲು ನೋಡಿ ಸೈನ್ ಹಾಕಿದ್ದಾರೆ. ಈಗ ನಾಲ್ಕು ಸಹಿ ಇವೆ, ಸಭೆ ಮುಂದಿನ ತಿಂಗಳು.